ನಾಲ್ಕರಲ್ಲಿ ಒಂದು ಎಲ್ಲಿದೆ?

ನಮ್ಮ ಕಡೆ ಮದುವೆ ಊಟದ ಸಾಲಿನಲ್ಲಿ ಕೂತರೆ ಪಕ್ಕದವರು ಮೊದಲು ಮಳೆ ವಿಚಾರ ಕೇಳುತ್ತಾರೆ. ಆಮೇಲೆ ಕೊಬ್ಬರಿ ರೇಟು. ಪಾಯಸ ಬರುವ ಹೊತ್ತಿಗೆ ದನಿ ಸ್ವಲ್ಪ ತಗ್ಗಿಸಿ, "ನಿಮ್ದು ಪಾಲಾಯ್ತಾ?" ಅನ್ನುತ್ತಾರೆ. ಆಯ್ತು ಅಂದರೆ "ಕೋರ್ಟಲ್ಲಾ?" ಅನ್ನುತ್ತಾರೆ. ಹೌದು ಅಂದ ತಕ್ಷಣ ಒಂದು "ಅಯ್ಯೋ" ಬರುತ್ತದೆ. ಸಾವಿನ ಸುದ್ದಿ ಕೇಳಿದಾಗ ಬರುವಂಥ ಅಯ್ಯೋ. ಊರ ಹಿರಿಯರು ಜಗಲಿ ಮೇಲೆ ಕೂತು ಮಾಡಿದ ಭಾಗಕ್ಕೆ ಈ ಅಯ್ಯೋ ಇಲ್ಲ, ಅದು ಮರ್ಯಾದೆಯ ಭಾಗ. ಕೋರ್ಟಿನಲ್ಲಿ ಆದ ಭಾಗ ಅಂದರೆ ಮನೆ ಒಡೆದ ಲೆಕ್ಕ.

ಈ ಅಯ್ಯೋ ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಯಾಕೆಂದರೆ ನಮ್ಮ ಮನೆ ಒಡೆದಿದ್ದು ದಾವೆ ಹಾಕಿದ ದಿನ ಅಲ್ಲ. ಅದಕ್ಕೂ ಮೊದಲು, ಎಲ್ಲರೂ "ಒಟ್ಟಿಗಿದ್ದೀವಿ" ಅಂತ ಹೇಳಿಕೊಳ್ಳುತ್ತಿದ್ದ ವರ್ಷಗಳಲ್ಲೇ ಒಡೆದಿತ್ತು. ಇನ್ನೊಂದು ವಿಚಿತ್ರ ಇದೆ. ಪಾಲಿನ ಬಗ್ಗೆ ಮಾತಾಡುವವರೆಲ್ಲ "ಎಷ್ಟು ಬಂತು?" ಅಂತಲೇ ಕೇಳುತ್ತಾರೆ. "ಎಲ್ಲಿ ಬಂತು?" ಅಂತ ಕೇಳಿದವರನ್ನು ನಾನು ನೋಡಿಲ್ಲ. ನನ್ನ ಅನುಭವದಲ್ಲಿ ಎಷ್ಟು ಅನ್ನುವುದು ಸುಲಭದ ಭಾಗ. ಅದಕ್ಕೆ ಕಾನೂನು ಇದೆ, ಲೆಕ್ಕ ಇದೆ. ನಿಜವಾದ ಜಗಳ ಇರುವುದು ಎಲ್ಲಿ ಅನ್ನುವುದರಲ್ಲಿ.

ಗೊಬ್ಬರ ಕಾಣದ ತೋಟ

ನಮ್ಮದು ತುಮಕೂರು ಸೀಮೆ. ತಾತನದು 2 ಎಕರೆ 20 ಗುಂಟೆ ತೆಂಗಿನ ತೋಟ, 4 ಎಕರೆ ರಾಗಿ ಹೊಲ, ಊರೊಳಗೆ ಒಂದು ಹೆಂಚಿನ ಮನೆ. ಎಲ್ಲ ಪಿತ್ರಾರ್ಜಿತ. ಮಕ್ಕಳು ನಾಲ್ವರು. ದೊಡ್ಡಪ್ಪ ತೋಟ ನೋಡಿಕೊಂಡರು. ಅಪ್ಪನಿಗೆ ಹೊರಗೆ ಕೆಲಸ. ಚಿಕ್ಕಪ್ಪ ಮನೆಯಲ್ಲೇ ಉಳಿದರು. ಅತ್ತೆಯನ್ನು ಅರಸೀಕೆರೆ ಕಡೆಗೆ ಕೊಟ್ಟಿತ್ತು. ಅಜ್ಜಿ ಮೊದಲೇ ಹೋಗಿದ್ದರು. ತಾತ 1999ರಲ್ಲಿ ಹೋದರು. ಪೌತಿ ಖಾತೆಯಾಗಿ, ಅಂದರೆ ಸತ್ತವರ ಜಮೀನು ವಾರಸುದಾರರ ಹೆಸರಿಗೆ ಬದಲಾಗಿ, ಪಹಣಿಯಲ್ಲಿ ಮೂರು ಗಂಡುಮಕ್ಕಳ ಹೆಸರು ಜಂಟಿಯಾಗಿ ಕೂತಿತು. ಅತ್ತೆಯ ಹೆಸರು ಯಾಕಿಲ್ಲ ಅಂತ ಆಗ ಯಾರೂ ಕೇಳಲಿಲ್ಲ. ವಂಶವೃಕ್ಷದಲ್ಲಿ ಇದ್ದ ಹೆಸರು ಪಹಣಿಗೆ ಬರುವಷ್ಟರಲ್ಲಿ ಬಿಟ್ಟುಹೋಗುವುದು ನಮ್ಮ ಹಳ್ಳಿಗಳಲ್ಲಿ ಹೊಸತೇನಲ್ಲ, ಅಲ್ವಾ?

ಜಂಟಿ ಆಸ್ತಿಗೆ ಕಾನೂನಿನಲ್ಲಿ ಒಂದು ನಿಯಮ ಇದೆ. ಪಾಲುದಾರರಲ್ಲಿ ಒಬ್ಬ ಅನುಭವದಲ್ಲಿದ್ದರೆ, ಅಂದರೆ ಜಮೀನು ಅವನ ಸ್ವಾಧೀನದಲ್ಲಿದ್ದರೆ, ಎಲ್ಲರೂ ಅನುಭವದಲ್ಲಿ ಇದ್ದಂತೆ. ಕೇಳುವುದಕ್ಕೆ ಚೆನ್ನಾಗಿದೆ. ದೂರ ಇರುವವರ ಹಕ್ಕು ಸುಮ್ನೆ ಕರಗಿಹೋಗಬಾರದು ಅನ್ನುವುದು ಅದರ ಉದ್ದೇಶ. ಆದರೆ ನೆಲದ ಮೇಲೆ ಇದರ ಪರಿಣಾಮ ಬೇರೆ. ಅನುಭವದಲ್ಲಿ ಇರುವವರು ಏನೂ ಮಾಡಬೇಕಾಗಿಲ್ಲ. ಉಳಿದವರು ಏನೂ ಮಾಡುವ ಹಾಗಿಲ್ಲ. ದೊಡ್ಡಪ್ಪ ಕಾಯಿ ಕೀಳಿಸುತ್ತಿದ್ದರು, ಹಬ್ಬಕ್ಕೆ ಎಲ್ಲರ ಮನೆಗೆ ಒಂದೊಂದು ಚೀಲ ಕಳಿಸುತ್ತಿದ್ದರು. ಲೆಕ್ಕ ಕೇಳಿದರೆ ಖರ್ಚಿನ ಪಟ್ಟಿ ಕೊಡುತ್ತಿದ್ದರು. ಅವರು ಕೆಟ್ಟವರೇನಲ್ಲ. ಅವರ ಜಾಗದಲ್ಲಿ ಯಾರಿದ್ದರೂ ಬಹುಶಃ ಹಾಗೇ ಇರುತ್ತಿದ್ದರು.

ಆದರೆ ತೋಟ ಸೊರಗಿತು. ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಾಂಡ ಸೋರುವ ರೋಗ ಬಂತು. ಹಿಂದಿನ ಸಾಲುಗಳಲ್ಲಿ ಮರಗಳು ಒಂದೊಂದಾಗಿ ಹೋದವು. ಹೋದ ಕಡೆ ಸಸಿ ನೆಡಲಿಲ್ಲ. ತೆಂಗಿನ ಸಸಿ ನೆಟ್ಟರೆ ಫಸಲಿಗೆ ಆರೇಳು ವರ್ಷ ಬೇಕು. ಅಷ್ಟರಲ್ಲಿ ಆ ಜಾಗ ಯಾರ ಪಾಲಿಗೆ ಹೋಗುತ್ತದೋ ಏನೋ. ಬೇರೆಯವರ ಮರಕ್ಕೆ ನಾನ್ಯಾಕೆ ಗೊಬ್ಬರ ಹಾಕಲಿ ಅನ್ನುವ ಲೆಕ್ಕ ಎಲ್ಲರ ತಲೆಯಲ್ಲೂ ಇತ್ತು. ಬಾಯಿಬಿಟ್ಟು ಹೇಳಲಿಲ್ಲ ಅಷ್ಟೆ. ಬ್ಯಾಂಕ್ ಸಾಲಕ್ಕೆ ಹೋದರೆ ಪಹಣಿಯಲ್ಲಿ ಹೆಸರಿರುವ ಎಲ್ಲರ ಸಹಿ ಕೇಳಿದರು. ಚಿಕ್ಕಪ್ಪ ಸಹಿ ಹಾಕಲಿಲ್ಲ. ದೊಡ್ಡಪ್ಪ ಕೊನೆಗೆ ಕೈಯಿಂದ ದುಡ್ಡು ಹಾಕಿ ತೋಟದ ಮುಂಭಾಗದಲ್ಲಿ ಬೋರ್‌ವೆಲ್ ಕೊರೆಸಿದರು. ನೀರೂ ಬಂತು. ಆ ನೀರಿನ ಜೊತೆಗೇ ಹೊಸ ತಕರಾರು ಬಂತು. "ಜಮೀನು ಎಲ್ಲರದು, ಬೋರು ನನ್ನದು."

ಇದಕ್ಕೂ ಕಾನೂನಿನಲ್ಲಿ ದಾರಿ ಇದೆ. ಒಬ್ಬ ಪಾಲುದಾರ ತನ್ನ ಖರ್ಚಿನಲ್ಲಿ ಜಮೀನನ್ನು ಉತ್ತಮ ಮಾಡಿದ್ದರೆ, ಉಳಿದವರಿಗೆ ಅನ್ಯಾಯವಾಗದಂತೆ ಆ ತುಂಡನ್ನು ಅವನಿಗೇ ಕೊಡಲು ಕೋರ್ಟು ನೋಡುತ್ತದೆ. ಆದರೆ ಆ ಮಾತು ಬರುವುದು ಭಾಗಕ್ಕೆ ಕೂತಾಗ. ನಮ್ಮಲ್ಲಿ ಭಾಗಕ್ಕೆ ಕೂರುವವರೇ ಇರಲಿಲ್ಲ.

ಅರಿಶಿನ ಕುಂಕುಮದ ಕಾಗದ

ಅತ್ತೆ ಕೋರ್ಟಿಗೆ ಹೋದಳು ಅಂತ ಊರಲ್ಲಿ ಹೇಳುವವರು ಅದಕ್ಕೂ ಹಿಂದಿನ ಒಂದು ಮಧ್ಯಾಹ್ನದ ಬಗ್ಗೆ ಹೇಳುವುದಿಲ್ಲ. ಗೌರಿ ಹಬ್ಬ ಮುಗಿದ ಮಾರನೇ ದಿನ. ನಾನಾಗ ಕಾಲೇಜಿನಲ್ಲಿದ್ದೆ. ನಡುಮನೆಯಲ್ಲಿ ಚಾಪೆ ಹಾಸಿ ಊರಿನ ಇಬ್ಬರು ಹಿರಿಯರನ್ನು ಕೂರಿಸಿದ್ದರು. ತಟ್ಟೆಯಲ್ಲಿ ರೇಷ್ಮೆ ಸೀರೆ, ಬಳೆ, ಅರಿಶಿನ ಕುಂಕುಮ, ಒಂದು ಕವರು. ಕವರಿನ ಕೆಳಗೆ ಛಾಪಾ ಕಾಗದ. ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳಲು ಕೊನೆಗೂ ಒಪ್ಪಿದ್ದರು. ಅದಕ್ಕೆ ಮೊದಲು ತಂಗಿಯ ಕೈಯಿಂದ ಹಕ್ಕು ಖುಲಾಸೆ ಪತ್ರ ಬೇಕಿತ್ತು. ಬರೆದವರು ಪಕ್ಕದ ಟೌನಿನ ಪತ್ರ ಬರಹಗಾರರು. ಅವರ ಅಕ್ಷರ ಮುದ್ದಾಗಿತ್ತು.

ಅತ್ತೆ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಅದೇ ಮೊದಲ ಅಚ್ಚರಿ. ಇಂಥ ಕಾಗದವನ್ನು ಹೆಣ್ಣುಮಕ್ಕಳು ಓದುತ್ತಾರೆ ಅಂತ ಅಲ್ಲಿ ಯಾರೂ ಎಣಿಸಿರಲಿಲ್ಲ. ಮದುವೆ ಕಾಲದಲ್ಲಿ ತನಗೆ ಸಲ್ಲಬೇಕಾದದ್ದೆಲ್ಲ ಸಂದಿದೆ, ಇನ್ನು ಮುಂದೆ ತನಗಾಗಲಿ ತನ್ನ ಮಕ್ಕಳಿಗಾಗಲಿ ಯಾವ ಹಕ್ಕೂ ಇಲ್ಲ ಅಂತ ಅದರಲ್ಲಿತ್ತು. ಅತ್ತೆ ಆ ಸಾಲನ್ನು ಜೋರಾಗಿ ಓದಿ, "ಮದ್ವೇಲಿ ಏನ್ ಸಂದಿದೆ ಅಂತ ಇಲ್ಲಿ ಪಟ್ಟಿ ಬರ್ದಿಲ್ವಲ್ಲ. ಬರೀರಿ, ಸಹಿ ಹಾಕ್ತೀನಿ" ಅಂದರು. ಯಾರೂ ಮಾತಾಡಲಿಲ್ಲ. ಹಿರಿಯರಲ್ಲಿ ಒಬ್ಬರು, "ಲೆಕ್ಕ ಹಾಕೋದಕ್ಕೆ ಇದೇನು ವ್ಯಾಪಾರವಾ ತಾಯಿ" ಅಂದರು. ಅತ್ತೆ, "ವ್ಯಾಪಾರ ಅಲ್ಲ ಅಂದ್ಮೇಲೆ ಛಾಪಾ ಕಾಗದ ಯಾಕೆ?" ಅಂದರು. ಸೀರೆ ತೆಗೆದುಕೊಂಡರು. ಕುಂಕುಮ ಇಟ್ಟುಕೊಂಡರು. ಕವರನ್ನೂ ಕಾಗದವನ್ನೂ ತಟ್ಟೆಯಲ್ಲೇ ಬಿಟ್ಟರು.

ಇದು ನಮ್ಮ ಮನೆಯ ಕಥೆ ಮಾತ್ರ ಅಲ್ಲ. ಸಬ್‌ ರಿಜಿಸ್ಟ್ರಾರ್ ಕಚೇರಿಯ ಹೊರಗಿನ ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕೂತರೆ ಸಾಕು, ತವರಿನವರು ಕಾರು ಮಾಡಿ ಕರೆತಂದ ಅಕ್ಕತಂಗಿಯರು ಹೆಬ್ಬೆಟ್ಟು ಒತ್ತಿ ವಾಪಸ್ ಹೋಗುವುದು ಕಾಣುತ್ತದೆ. ತವರಿನ ಬಾಗಿಲು ಮುಚ್ಚಿಹೋದೀತು ಅನ್ನುವ ಹೆದರಿಕೆಗೆ ಎಷ್ಟು ಎಕರೆ ಬರೆದುಕೊಟ್ಟಿದ್ದಾರೋ. ಪ್ರೀತಿಯಿಂದ ಬಿಟ್ಟುಕೊಡುವವರೂ ಇದ್ದಾರೆ, ಅದು ಅವರಿಷ್ಟ. ಬಿಟ್ಟುಕೊಡುವುದಕ್ಕೂ ಮೊದಲು ತಮ್ಮದು ಎಷ್ಟು ಅಂತ ಅವರಿಗೆ ಯಾರಾದರೂ ಹೇಳಿದರಾ ಅನ್ನುವುದಷ್ಟೇ ನನ್ನ ತಕರಾರು.

ಅತ್ತೆ 2008ರಲ್ಲಿ ದಾವೆ ಹಾಕಿದರು. ಮೊಕದ್ದಮೆಗೆ ಲಕ್ಷಗಟ್ಟಲೆ ಕೋರ್ಟ್ ಫೀ ಕಟ್ಟಿದ್ದಾರಂತೆ ಅಂತ ಊರಲ್ಲಿ ಸುದ್ದಿ ಹಬ್ಬಿತು. ಆಸ್ತಿಯಲ್ಲಿ ತಾನೂ ಜಂಟಿ ಸ್ವಾಧೀನದಲ್ಲಿ ಇದ್ದೇನೆ ಅಂತ ಹೇಳಿ ಪಾಲು ಕೇಳುವವರಿಗೆ ಕರ್ನಾಟಕದ ಕೋರ್ಟ್ ಫೀ ಕಾಯ್ದೆಯ 35ನೇ ಕಲಂನಲ್ಲಿ ಇದ್ದ ಗರಿಷ್ಠ ಶುಲ್ಕ 200 ರೂಪಾಯಿ. ಆ ಹಬ್ಬದ ಸೀರೆಗೇ ಅದಕ್ಕಿಂತ ಜಾಸ್ತಿ ಆಗಿತ್ತು.

16ರಲ್ಲಿ 1, 4ರಲ್ಲಿ 1

ಆಮೇಲಿನ ಹನ್ನೆರಡು ವರ್ಷ ಅತ್ತೆಯ ಪಾಲು ಹಿಗ್ಗುತ್ತ ಕುಗ್ಗುತ್ತ ಇತ್ತು. ಜಮೀನು ಇದ್ದಲ್ಲೇ ಇತ್ತು, ಬದಲಾಗುತ್ತಿದ್ದದ್ದು ಕಾನೂನು. ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತ್ತು. ಆದರೆ ಅಷ್ಟರೊಳಗೆ ಮದುವೆಯಾಗಿ ಹೋದವರಿಗೆ ಅದು ಇರಲಿಲ್ಲ. ಅತ್ತೆಯ ಮದುವೆ ಅದಕ್ಕೂ ಬಹಳ ಮೊದಲು ಆಗಿತ್ತು. 2005ರ ಸೆಪ್ಟೆಂಬರ್ 9ರಂದು ಕೇಂದ್ರದ ತಿದ್ದುಪಡಿ ಬಂತು. ಮದುವೆಯಾಗಿರಲಿ ಬಿಡಲಿ, ಮಗಳು ಮಗನಿಗೆ ಸಮ. ಅಲ್ಲಿಯವರೆಗೆ ಇನ್ನೊಂದು ಕಟ್ಟೂ ಇತ್ತು. ಗಂಡುಮಕ್ಕಳು ತಾವಾಗಿ ಭಾಗ ಮಾಡಿಕೊಳ್ಳುವ ತನಕ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಭಾಗ ಕೇಳುವಂತಿರಲಿಲ್ಲ. ಅದೂ 2005ರಲ್ಲಿ ಹೋಯಿತು. ಇದರ ಆಧಾರದ ಮೇಲೆ ಕೆಳಗಿನ ಕೋರ್ಟು ಅತ್ತೆಗೆ 4ರಲ್ಲಿ 1 ಅಂದಿತು. ತೋಟ, ಹೊಲ ಸೇರಿದ 260 ಗುಂಟೆಯಲ್ಲಿ 65 ಗುಂಟೆ.

ದೊಡ್ಡಪ್ಪ, ಚಿಕ್ಕಪ್ಪ ಅಪೀಲು ಹೋದರು. ಅಪೀಲು ನಡೆಯುತ್ತಿರುವಾಗಲೇ 2015ರ ಅಕ್ಟೋಬರಿನಲ್ಲಿ ಫುಲಾವತಿ ಪ್ರಕರಣದ ತೀರ್ಪು ಬಂತು. ಅದು ನಮ್ಮ ಬೆಳಗಾವಿಯಲ್ಲಿ 1992ರಲ್ಲಿ ಶುರುವಾದ ದಾವೆ. 2005ರ ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಅಂತ ಸುಪ್ರೀಂ ಕೋರ್ಟ್ ಹೇಳಿತು. ನಮ್ಮ ತಾತ 1999ರಲ್ಲೇ ಹೋಗಿದ್ದರಲ್ಲ. ಹಳೇ ಲೆಕ್ಕ ಮತ್ತೆ ಬಂತು. ತಾತ ಮತ್ತು ಮೂರು ಗಂಡುಮಕ್ಕಳು ಅಂತ ಆಸ್ತಿಯನ್ನು ಮೊದಲು ಕಾಗದದ ಮೇಲೆ ನಾಲ್ಕು ಮಾಡುವುದು. ತಾತನ ಆ ಒಂದು ಪಾಲನ್ನು ನಾಲ್ಕೂ ಮಕ್ಕಳಿಗೆ ಹಂಚುವುದು. ಅತ್ತೆಗೆ 16ರಲ್ಲಿ 1, ಅಂದರೆ 16 ಕಾಲು ಗುಂಟೆ. ಗಂಡುಮಕ್ಕಳಿಗೆ ತಲಾ 16ರಲ್ಲಿ 5. ಅಪೀಲು ಕೋರ್ಟು ಅದನ್ನೇ ಬರೆಯಿತು. ದೊಡ್ಡಪ್ಪ ಆ ವಾರ ದೇವಸ್ಥಾನದಲ್ಲಿ ಅನ್ನಸಂತರ್ಪಣೆ ಮಾಡಿಸಿದರು. ಕಾರಣ ಕೇಳಿದವರಿಗೆ ಮೊಮ್ಮಗಳ ಹುಟ್ಟುಹಬ್ಬ ಅಂದರು!

2018ರಲ್ಲಿ ಮತ್ತೊಂದು ತೀರ್ಪು, ಅದೂ ಕರ್ನಾಟಕದ್ದೇ. ದಾನಮ್ಮ ಪ್ರಕರಣ. ಅಲ್ಲಿ ತಂದೆ 2001ರಲ್ಲಿ ತೀರಿಕೊಂಡಿದ್ದರು. 2002ರಲ್ಲಿ ಮೊಮ್ಮಗ ದಾವೆ ಹಾಕಿ ಅತ್ತೆಯಂದಿರಿಗೆ ಪಾಲಿಲ್ಲ ಅಂದಿದ್ದ. ಸುಪ್ರೀಂ ಕೋರ್ಟ್ ಆ ಇಬ್ಬರು ಹೆಣ್ಣುಮಕ್ಕಳಿಗೂ ತಲಾ 5ರಲ್ಲಿ 1 ಕೊಟ್ಟಿತು. ಒಂದು ಪೀಠ ತಂದೆ ಬದುಕಿರಬೇಕು ಅನ್ನುತ್ತದೆ, ಇನ್ನೊಂದು ಪೀಠ ಸತ್ತ ತಂದೆಯ ಮಕ್ಕಳಿಗೂ ಕೊಡುತ್ತದೆ. ವಕೀಲರಿಗೇ ತಲೆ ಕೆಟ್ಟಿತ್ತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಗಂಟು ಬಿಡಿಸಿತು. ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು. ತಂದೆ 2005ರಲ್ಲಿ ಬದುಕಿದ್ದರೋ ಇಲ್ಲವೋ ಅನ್ನುವುದು ಮುಖ್ಯವಲ್ಲ. 2004ರ ಡಿಸೆಂಬರ್ 20ಕ್ಕೂ ಮೊದಲೇ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಭಾಗ ಆಗಿಹೋಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ. ನಮ್ಮಲ್ಲಿ ಅಂಥದ್ದೇನೂ ಇರಲಿಲ್ಲ. ಅತ್ತೆಯ ಎರಡನೇ ಅಪೀಲು ಹೈಕೋರ್ಟಿನಲ್ಲಿ ಇತ್ತು. 65 ಗುಂಟೆ ವಾಪಸ್ ಬಂತು.

ಹುಟ್ಟಿನಿಂದ ಹಕ್ಕು ಅನ್ನುವ ಈ ಮಾತು ದೆಹಲಿಯಿಂದ ಬಂದದ್ದು ಅಂತ ನಮ್ಮೂರಿನವರು ಅಂದುಕೊಂಡಿದ್ದಾರೆ. ಅದನ್ನು ಮಿತಾಕ್ಷರ ಅನ್ನುವ ಧರ್ಮಶಾಸ್ತ್ರದ ಗ್ರಂಥದಲ್ಲಿ ಬರೆದು ಗಟ್ಟಿ ಮಾಡಿದ ವಿಜ್ಞಾನೇಶ್ವರ ಇದ್ದದ್ದು ಕಲ್ಯಾಣದಲ್ಲಿ, ಚಾಲುಕ್ಯ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಸುಮಾರು 900 ವರ್ಷದ ಹಿಂದೆ ಅಲ್ಲಿ ಗಂಡುಮಕ್ಕಳ ವಿಷಯದಲ್ಲಿ ಬರೆದ ತತ್ವವನ್ನೇ ಹಿಡಿದು 2020ರಲ್ಲಿ ಹೆಣ್ಣುಮಕ್ಕಳಿಗೆ ಹಂಚಿದರು. ಇದನ್ನು ದೊಡ್ಡಪ್ಪನಿಗೆ ಹೇಳಿದೆ. "ಆ ಕಾಲದಲ್ಲಿ ಹೆಣ್ಮಕ್ಳು ಕೇಳ್ತಿದ್ರಾ?" ಅಂದರು. ಕೇಳುತ್ತಿದ್ದರೋ ಏನೋ. ಬರೆಯುವವರು ಗಂಡಸರೇ ಇದ್ದರಲ್ಲ.

ಗೆದ್ದ ಮೇಲೂ ಇಲ್ಲದ ಜಮೀನು

ಇಲ್ಲಿಗೆ ಮುಗಿಯಿತು ಅಂತ ನೆಂಟರೆಲ್ಲ ಅಂದುಕೊಂಡರು. ಅತ್ತೆಗೆ ಫೋನ್ ಮಾಡಿ ಕಂಗ್ರಾಜುಲೇಶನ್ಸ್ ಹೇಳಿದವರೂ ಇದ್ದರು. ಆದರೆ ಅಷ್ಟು ವರ್ಷಕ್ಕೆ ಅವರ ಕೈಗೆ ಬಂದದ್ದು ಪ್ರಾಥಮಿಕ ಡಿಕ್ರಿ ಮಾತ್ರ. ಅದರಲ್ಲಿ ಇರುವುದು ಒಂದು ಭಿನ್ನರಾಶಿ. ನಾಲ್ಕರಲ್ಲಿ ಒಂದು. ಆ ಒಂದು ತೋಟದ ಯಾವ ಮೂಲೆಯಲ್ಲಿದೆ ಅಂತ ಅದರಲ್ಲಿ ಬರೆದಿರುವುದಿಲ್ಲ. ಅದನ್ನು ಗುರುತಿಸಿ ಅಂತಿಮ ಡಿಕ್ರಿ ಆಗಬೇಕು. ವಕೀಲರ ಬಾಯಲ್ಲಿ ಎಫ್‌ಡಿಪಿ, ಫೈನಲ್ ಡಿಕ್ರಿ ಪ್ರೊಸೀಡಿಂಗ್ಸ್. ಪ್ರಾಥಮಿಕ ಡಿಕ್ರಿಯನ್ನು ಫ್ರೇಮ್ ಹಾಕಿಸಿದಂತೆ ಬೀರುವಿನಲ್ಲಿ ಇಟ್ಟು, ಅಲ್ಲಿಗೇ ಸುಸ್ತಾಗಿ ಕೂತ ಕುಟುಂಬಗಳು ನಮ್ಮ ತಾಲ್ಲೂಕಿನಲ್ಲೇ ಸಾಕಷ್ಟಿವೆ.

ಅಂತಿಮ ಡಿಕ್ರಿ ಕೇಳಲು ಕಾಲಮಿತಿ ಇಲ್ಲ ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟ ಮಾಡಿತ್ತು. ದಾವೆ ಇನ್ನೂ ಮುಗಿದಿಲ್ಲ, ನಡೆಯುತ್ತಲೇ ಇದೆ ಅನ್ನುವುದು ಕಾರಣ. ಆಮೇಲೆ 2022ರಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಇನ್ನೂ ಮುಂದಕ್ಕೆ ಹೋಗಿ, ಪ್ರಾಥಮಿಕ ಡಿಕ್ರಿ ಆದ ಕೂಡಲೇ ಯಾರೂ ಅರ್ಜಿ ಹಾಕದಿದ್ದರೂ ವಿಚಾರಣಾ ಕೋರ್ಟೇ ಮುಂದಿನ ಹೆಜ್ಜೆ ಇಡಬೇಕು ಅಂತ ಹೇಳಿತು. ಒಳ್ಳೆಯ ಮಾತು. ಯಾಕೆಂದರೆ ವಾಯಿದೆ ಎಳೆದಷ್ಟೂ ಲಾಭ ಇರುವುದು ಅನುಭವದಲ್ಲಿ ಇರುವವರಿಗೆ. ಅವರಿಗೆ ಕಾಯಿ ಬೀಳುತ್ತಿರುತ್ತದೆ. ಉಳಿದವರಿಗೆ ಬಸ್ ಚಾರ್ಜು.

ಅಪ್ಪ ಈ ದಾವೆಯಲ್ಲಿ 2ನೇ ಪ್ರತಿವಾದಿ. ತಂಗಿಯ ವಿರುದ್ಧ ನಿಲ್ಲಲಾರರು, ಅಣ್ಣನನ್ನು ಬಿಡಲಾರರು. ವಕೀಲರು ಅವರಿಗೆ ಹೇಳಿದ ಒಂದು ಮಾತು ನನಗೆ ಈಗಲೂ ಮುಖ್ಯ ಅನಿಸುತ್ತದೆ. ಪಾಲಿನ ದಾವೆಯಲ್ಲಿ ಪ್ರತಿವಾದಿಯೂ ವಾದಿಯೇ. ನೀವೂ ನಿಮ್ಮ ಪಾಲು ಬೇರೆ ಮಾಡಿಕೊಡಿ ಅಂತ ಕೇಳಬಹುದು. ಉಳಿದ ಮೊಕದ್ದಮೆಗಳಲ್ಲಿ ಒಬ್ಬ ಗೆದ್ದರೆ ಇನ್ನೊಬ್ಬ ಸೋಲುತ್ತಾನೆ. ಇಲ್ಲಿ ಎಲ್ಲರಿಗೂ ಏನೋ ಒಂದು ಬರಲೇಬೇಕು. ಅಪ್ಪ ಶುಲ್ಕ ಕಟ್ಟಿ ತಮ್ಮ 4ರಲ್ಲಿ 1 ಕೇಳಿದರು. ದೊಡ್ಡಪ್ಪ ಒಂದು ವರ್ಷ ಮಾತು ಬಿಟ್ಟರು. ಆದರೆ ಕೊಬ್ಬರಿ ಅಟ್ಟದ ಮೇಲಿನ ಅಪ್ಪನ ಹಳೇ ಟ್ರಂಕನ್ನು ಮಾತ್ರ ಜೋಪಾನವಾಗಿ ಇಟ್ಟಿದ್ದರು.

ಸರ್ವೆ ದಿನ

ಕಂದಾಯ ಕಟ್ಟುವ ಜಮೀನನ್ನು ಕೋರ್ಟು ತಾನೇ ತುಂಡು ಮಾಡುವುದಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 54ನೇ ಕಲಂ ಪ್ರಕಾರ ಅದು ಜಿಲ್ಲಾಧಿಕಾರಿಗಳ ಮೂಲಕ ಕಂದಾಯ ಇಲಾಖೆಯವರ ಕೆಲಸ. ಮನೆಯಂಥ ಆಸ್ತಿಗೆ ಕೋರ್ಟ್ ಕಮಿಷನರ್ ಬರುತ್ತಾರೆ. ಹಾಗಾಗಿ ಒಂದು ದಿನ ಬೆಳಿಗ್ಗೆ ತೋಟಕ್ಕೆ ಸರ್ವೇಯರ್ ಬಂದರು. ನೋಟಿಸ್ ಬಂದಿದ್ದರಿಂದ ನಾವೆಲ್ಲ ಇದ್ದೆವು. ಅಕ್ಕಪಕ್ಕದ ತೋಟದವರೂ ಬಂದಿದ್ದರು. ಅವರ ಬಾಂದಿಗೂ ಏನಾದರೂ ಆಗಿಬಿಟ್ಟೀತು ಅಂತ.

ನಮ್ಮ ತೋಟ ಉದ್ದನೆಯದು. ಪೂರ್ವಕ್ಕೆ ರಸ್ತೆ, ಅಲ್ಲಿ ಅಗಲ 220 ಅಡಿ. ಅಲ್ಲಿಂದ ಪಶ್ಚಿಮಕ್ಕೆ 495 ಅಡಿ. ಲೆಕ್ಕ ಹಾಕಿದರೆ ಸರಿಯಾಗಿ 100 ಗುಂಟೆ, ತಲಾ 25. ಕಾಗದದ ಮೇಲೆ ಇಷ್ಟು ಸಲೀಸಾದ ಭಾಗ ಇನ್ನೊಂದಿಲ್ಲ. ನೆಲದ ಮೇಲೆ ಎರಡು ದಾರಿ ಇದ್ದವು. ಉದ್ದುದ್ದಕ್ಕೆ ಸೀಳಿದರೆ ನಾಲ್ಕೂ ಜನಕ್ಕೆ ರಸ್ತೆ ಸಿಗುತ್ತದೆ. ಆದರೆ ಒಬ್ಬೊಬ್ಬರದು 55 ಅಡಿ ಅಗಲದ ಪಟ್ಟಿ. ಅದರಲ್ಲಿ ತೆಂಗು ಎರಡೇ ಸಾಲು. ಮೂರು ಕಡೆ ಹೊಸ ಬೇಲಿ. ಅಡ್ಡಡ್ಡ ಕೊಯ್ದರೆ ಅಗಲವಾದ ತುಂಡುಗಳು, ಬೇಸಾಯಕ್ಕೆ ಅನುಕೂಲ. ಆದರೆ ರಸ್ತೆ ಸಿಗುವುದು ಮುಂದಿನ ಒಬ್ಬರಿಗೆ ಮಾತ್ರ. ಬೋರ್‌ವೆಲ್ ಇರುವುದೂ ಆ ಮುಂದಿನ ತುಂಡಿನಲ್ಲೇ. ಹಿಂದಿನ ತುಂಡಿನಲ್ಲಿ ತಾತನ ಕಾಲದ ಬಾವಿ. ಬತ್ತಿ ಎಷ್ಟೋ ವರ್ಷವಾಗಿದೆ.

ದೊಡ್ಡಪ್ಪ ಅಡ್ಡಡ್ಡ ಕೊಯ್ಯಿರಿ, ಮುಂದಿನದು ನನಗೆ ಅಂದರು. ಬೋರು ಅವರದು, ಕಾನೂನೂ ಅವರ ಕಡೆ ಸ್ವಲ್ಪ ವಾಲುತ್ತದೆ. ಚಿಕ್ಕಪ್ಪ ಉದ್ದುದ್ದಕ್ಕೆ ಅಂದರು. ಹಿಂದಿನ ತುಂಡು ಬೇಡ ಅನ್ನುವುದೇ ಎಲ್ಲರ ಮಾತಿನ ಒಳ ಅರ್ಥ. ಊರಿನ ಒಬ್ಬರು ಹಳೇ ಪದ್ಧತಿ ನೆನಪಿಸಿದರು. ಹಿರಿಯ ಭಾಗ ಮಾಡಲಿ, ಕಿರಿಯ ಮೊದಲು ಆರಿಸಲಿ. ಇದಕ್ಕಿಂತ ಜಾಣತನದ ನಿಯಮ ಯಾವ ಕಾಯ್ದೆಯಲ್ಲೂ ಇಲ್ಲ ಅಂತ ನನಗೆ ಅನಿಸುತ್ತದೆ. ಆದರೆ ದೊಡ್ಡಪ್ಪ ಒಪ್ಪಲಿಲ್ಲ. ಕಿರಿಯವಳು ಅತ್ತೆ ಅನ್ನುವುದು ಅವರಿಗೆ ತಕ್ಷಣ ಹೊಳೆದಿತ್ತು.

ಅತ್ತೆ ಅಷ್ಟು ಹೊತ್ತೂ ಬದುವಿನ ಮೇಲೆ ಕೂತಿದ್ದರು. ಬಿಸಿಲು ಏರಿದ ಮೇಲೆ ಎದ್ದು ಬಂದು ಸರ್ವೇಯರ್ ಹತ್ತಿರ, "ನನಗೆ ಹಿಂದಿಂದೇ ಕೊಡಿ. ಬಾವಿ, ಬೋರು ಯಾವ್ದೂ ಬೇಡ. ಗಾಡಿ ಹೋಗೋ ದಾರಿ ಮಾತ್ರ ನಕ್ಷೇಲಿ ಬರೀರಿ" ಅಂದರು. ಅವರ ಗಂಡನ ಮನೆಯಲ್ಲಿ ದಾರಿ ಇಲ್ಲದೆ ಬೀಳುಬಿದ್ದ ಹೊಲ ಒಂದಿದೆ. ಅಲ್ಲಿ ಅವರು ಕಲಿತದ್ದು ಇದು. ಭಾಗದಲ್ಲಿ ಒಂದು ತುಂಡಿಗೆ ದಾರಿಯೇ ಇಲ್ಲದಂತೆ ಆದರೆ, ಪತ್ರದಲ್ಲಿ ಬರೆಯದಿದ್ದರೂ ಅನಿವಾರ್ಯದ ದಾರಿಯ ಹಕ್ಕನ್ನು 1882ರ ಈಸ್‌ಮೆಂಟ್ ಕಾಯ್ದೆ ಕೊಡುತ್ತದೆ. ಕೊಡುತ್ತದೆ ಅಂದರೆ, ಅದಕ್ಕೆ ಮತ್ತೊಂದು ದಾವೆ ಹಾಕಿಕೊಳ್ಳಬಹುದು ಅಂತ.

ಸರ್ವೇಯರ್ ದಕ್ಷಿಣದ ಬದುವಿನ ಉದ್ದಕ್ಕೂ 12 ಅಡಿ ದಾರಿ ಎಳೆದು ಲೆಕ್ಕ ಹಾಕಿದರು. ಹಿಂದಿನ ತುಂಡಿನ ಅಂಚಿನವರೆಗೆ ಸುಮಾರು 4 ಗುಂಟೆ ದಾರಿಗೆ ಹೋಗುತ್ತದೆ. ಅಂದರೆ ಎಲ್ಲರೂ ಒಂದೊಂದು ಗುಂಟೆ ಬಿಡಬೇಕು. ಅಷ್ಟಕ್ಕೇ ದೊಡ್ಡಪ್ಪ ಸಿಡಿದರು. "ರಸ್ತೆ ಮೇಲೇ ಇರೋ ನಾನ್ಯಾಕೆ ದಾರಿಗೆ ಜಾಗ ಬಿಡ್ಲಿ?" ವರ್ಷಗಟ್ಟಲೆ ಎಕರೆಗಳಿಗೆ ಹೊಡೆದಾಡಿದ್ದು ಈಗ ಒಂದು ಗುಂಟೆಗೆ ಬಂದು ನಿಂತಿತ್ತು. 1,089 ಚದರ ಅಡಿ. ಆ ದಿನ ಸಂಜೆವರೆಗೂ ನಡೆದದ್ದು ಅದೊಂದೇ ಮಾತು. ಮಧ್ಯೆ ಅಪ್ಪ ಒಂದು ಪ್ರಶ್ನೆ ಕೇಳಿದರು. "ಅಣ್ಣ, ಬೋರಿಂದ ಹಿಂದಿನ ಮೂರು ಪಾಲಿಗೆ ನೀರು ಕೊಡ್ತೀಯಾ?" ಇಲ್ಲ ಅಂದರು. "ಹಂಗಾದ್ರೆ ಬೋರಿರೋ ತುಂಡಿಗೆ ಬೆಲೆ ಜಾಸ್ತಿ ಅಲ್ವಾ? ಆ ಬೆಲೆ ದುಡ್ಡಲ್ಲಿ ಕೊಡು, ಇಲ್ಲಾ ಗುಂಟೇಲಿ ಬಿಡು." ತುಂಡುಗಳ ಬೆಲೆ ಸಮ ಇಲ್ಲದಿದ್ದರೆ ಹೆಚ್ಚಿನದು ಪಡೆದವರು ಉಳಿದವರಿಗೆ ಹಣ ಕೊಟ್ಟು ಸರಿದೂಗಿಸಬೇಕು ಅನ್ನುವುದು ಕೋರ್ಟಿನ ಪದ್ಧತಿಯೂ ಹೌದು. ಅಪ್ಪನಿಗೆ ಅದು ಗೊತ್ತಿತ್ತೋ, ಬರೀ ನ್ಯಾಯವಾಗಿ ಕೇಳಿದರೋ ಗೊತ್ತಿಲ್ಲ. ದೊಡ್ಡಪ್ಪ ಒಂದು ಗುಂಟೆ ಬಿಟ್ಟರು.

ಎರಡನೇ ತುಂಡು ಚಿಕ್ಕಪ್ಪನಿಗೆ, ಮೂರನೆಯದು ಅಪ್ಪನಿಗೆ. ಹೊಲದ 4 ಎಕರೆಗೆ ಅಷ್ಟು ತಕರಾರು ಆಗಲಿಲ್ಲ. ಅದರ ಎರಡು ಕಡೆಯೂ ಬಂಡಿದಾರಿ ಇತ್ತು. ತಲಾ ಒಂದು ಎಕರೆ, ಚೀಟಿ ಎತ್ತಿ ಮುಗಿಸಿದರು.

ಮನೆ

ಮನೆಯನ್ನು ನಾಲ್ಕು ಮಾಡಲು ಆಗುವುದಿಲ್ಲ ಅಂತ ನೋಡಿದವರಿಗೆಲ್ಲ ಗೊತ್ತಾಗುತ್ತಿತ್ತು. ನಡುಮನೆಯಲ್ಲಿ ಗೋಡೆ ಎಬ್ಬಿಸಿ ದೇವರ ಕೋಣೆಯನ್ನು ಎರಡು ಮಾಡಿಕೊಂಡ ಮನೆಗಳು ಊರಲ್ಲಿ ಇವೆ, ಅದು ಬೇರೆ ಮಾತು. ಇಂಥ ಆಸ್ತಿಗಾಗಿ 1893ರಿಂದಲೇ ಪಾರ್ಟಿಷನ್ ಆ್ಯಕ್ಟ್ ಇದೆ. ಭಾಗ ಮಾಡುವುದು ಸಾಧ್ಯವಿಲ್ಲ ಅಥವಾ ಅನುಕೂಲವಲ್ಲ ಅನ್ನಿಸಿದರೆ, ಅರ್ಧ ಅಥವಾ ಅದಕ್ಕಿಂತ ಜಾಸ್ತಿ ಪಾಲಿನವರು ಕೇಳಿಕೊಂಡ ಮೇಲೆ ಕೋರ್ಟು ಮಾರಾಟಕ್ಕೆ ಹೇಳಬಹುದು. ಮಾರಬೇಡಿ ಅನ್ನುವ ಪಾಲುದಾರ ಕೋರ್ಟು ಕಟ್ಟಿದ ಬೆಲೆಗೆ ಅವರ ಪಾಲನ್ನು ಕೊಂಡುಕೊಳ್ಳಬಹುದು. ಯಾರಾದರೂ ತಮ್ಮ ಪಾಲನ್ನು ಹೊರಗಿನವರಿಗೆ ಮಾರಿ, ಆ ಹೊರಗಿನವರು ವಾಸದ ಮನೆಯಲ್ಲಿ ಭಾಗ ಕೇಳಿ ಕೋರ್ಟಿಗೆ ಬಂದರೂ ಮನೆಯವರಿಗೆ ಕೊಳ್ಳುವ ಅವಕಾಶ ಇದೆ. ಇದು ಕುಟುಂಬಗಳಿಗೆ ಮಾತ್ರ ಸಂಬಂಧಪಟ್ಟ ಕಾಯ್ದೆ ಅಂದುಕೊಳ್ಳಬೇಡಿ. ನನ್ನ ಆಫೀಸಿನ ಇಬ್ಬರು ಗೆಳೆಯರು ಬೆಂಗಳೂರಿನ ಹೊರಗೆ ಒಂದು 30-40 ಸೈಟನ್ನು ಜಂಟಿಯಾಗಿ ಕೊಂಡಿದ್ದರು. ಒಬ್ಬ ಕೆನಡಾಕ್ಕೆ ಹೋದ. ಮಾರೋಣ ಅಂದರೆ ಇನ್ನೊಬ್ಬ ಒಪ್ಪುತ್ತಿಲ್ಲ. 1,200 ಚದರ ಅಡಿಯನ್ನು ಎಲ್ಲಿ ಅಂತ ಸೀಳುವುದು? ಸ್ನೇಹ ಗಟ್ಟಿ ಇದ್ದಾಗಲೇ ಒಂದು ಒಪ್ಪಂದ ಬರೆದುಕೊಂಡಿದ್ದರೆ ಆಗುತ್ತಿತ್ತು.

ನಮ್ಮ ಮನೆಗೆ ಆ ಕಾಯ್ದೆಯವರೆಗೆ ಹೋಗಬೇಕಾಗಲಿಲ್ಲ. ದಾರಿಯ ತಕರಾರು ಬಿದ್ದುಹೋದ ಮೇಲೆ ಉಳಿದದ್ದಕ್ಕೆ ಯಾರಲ್ಲೂ ಕಸುವು ಇರಲಿಲ್ಲ. ಮನೆ ಚಿಕ್ಕಪ್ಪನಿಗೆ, ಉಳಿದ ಮೂವರಿಗೆ ಎರಡು ಕಂತಿನಲ್ಲಿ ದುಡ್ಡು. ಎಲ್ಲವನ್ನೂ ಸೇರಿಸಿ ಲೋಕ ಅದಾಲತ್‌ನಲ್ಲಿ ರಾಜಿ ಬರೆಸಿದರು. ಅದರ ಮೇಲೆ ಅಪೀಲು ಇಲ್ಲ ಅನ್ನುವುದೇ ಎಲ್ಲರಿಗೂ ದೊಡ್ಡ ಸಮಾಧಾನ. ರಾಜಿಯಾದರೆ ಕೋರ್ಟ್ ಫೀ ವಾಪಸ್ ಬರುತ್ತದೆ ಅಂತ ವಕೀಲರು ಉತ್ಸಾಹದಿಂದ ಹೇಳಿದರು. 200 ರೂಪಾಯಿ. ಅತ್ತೆ, "ಅದನ್ನ ನೀವೇ ಕಾಫಿಗೆ ಇಟ್ಕೊಳ್ಳಿ" ಅಂದರು.

ಇದನ್ನೆಲ್ಲ ಊರ ಹಿರಿಯರೇ ಮೊದಲ ವರ್ಷದಲ್ಲಿ ಮಾಡಿಸಬಹುದಿತ್ತಲ್ಲ ಅಂತ ಕೇಳುವವರಿದ್ದಾರೆ. ಮಾಡಿಸಬಹುದಿತ್ತು. ಆದರೆ ಅವರು ಕೂರಿಸಿದ ಪಂಚಾಯ್ತಿಯಲ್ಲಿ ಅತ್ತೆಗೆ ಇದ್ದದ್ದು ತಟ್ಟೆ, ಪಾಲಲ್ಲ. ಡಿಕ್ರಿ ಕೈಯಲ್ಲಿ ಹಿಡಿದು ಬಂದ ಮೇಲೆ ಅದೇ ಹಿರಿಯರು ಬದುವಿನ ಮೇಲೆ ಅತ್ತೆಗೂ ಕುರ್ಚಿ ಹಾಕಿಸಿದರು. ರಾಜಿ ಆಗಿದ್ದು ದಾವೆ ಬಿಟ್ಟಿದ್ದಕ್ಕಲ್ಲ, ದಾವೆ ಇದ್ದದ್ದಕ್ಕೆ. ಹಾಗಾಗಿ ಊಟದ ಸಾಲಿನ ಆ ಅಯ್ಯೋಗೆ ನಾನೀಗ ತಲೆ ಆಡಿಸುವುದಿಲ್ಲ.

ಪೋಡಿಯಾಗಿ, ಅಂದರೆ ಸರ್ವೆ ದಾಖಲೆಯಲ್ಲೂ ತುಂಡುಗಳು ಬೇರೆಯಾಗಿ, ನಾಲ್ಕು ಹೊಸ ಹಿಸ್ಸಾ ನಂಬರು ಬಂದವು. ಮೊದಲ ಮಳೆಗೇ ಮೂವರು ಸಸಿ ತಂದು ನೆಟ್ಟರು. ದೊಡ್ಡಪ್ಪ ಕಾಯಿ ಕೀಳಿಸುವ ಆಳನ್ನು ಈಗ ಅತ್ತೆಯ ತುಂಡಿಗೂ ಕಳಿಸುತ್ತಾರೆ. ಕೂಲಿ ಮಾತ್ರ ಕೇಳಿ ತೆಗೆದುಕೊಳ್ಳುತ್ತಾರೆ.

ಈ ವರ್ಷ ಅಪ್ಪನ ಪಾಲಿಗೆ ಬಂದದ್ದನ್ನು ನನಗೂ ತಂಗಿಗೂ ವಿಭಾಗ ಪತ್ರ ಮಾಡಿ ನೋಂದಣಿ ಮಾಡಿಸೋಣ ಅಂತ ಹೊರಟಿದ್ದೇವೆ. "ನಾನಿನ್ನೂ ಬದುಕಿದ್ದೀನಲ್ಲ" ಅಂತ ಅಪ್ಪ ಮೊದಲು ರೇಗಿದರು. ಅದಕ್ಕೇ ಈಗ ಮಾಡೋಣ ಅಂತಿರೋದು ಅಂದೆವು. ಎಷ್ಟು ಅನ್ನುವುದರಲ್ಲಿ ಮೂವರಿಗೂ ತಕರಾರಿಲ್ಲ, ಅರ್ಧ ಅರ್ಧ. ಆದರೆ ಹೊಲವನ್ನು ಅಡ್ಡ ಕೊಯ್ದರೆ ಹಿಂದಿನ ಅರ್ಧಕ್ಕೆ ದಾರಿ ಬೇಕು. 12 ಅಡಿ ಇರಲಿ ಅನ್ನುತ್ತಾಳೆ ತಂಗಿ. 8 ಅಡಿ ಸಾಕು ಅನ್ನುತ್ತಾರೆ ಅಪ್ಪ. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ತಿರುಗಬೇಕಲ್ಲ ಅಂತ ನಾನು ತಂಗಿ ಕಡೆ. ಸದ್ಯಕ್ಕೆ ಮಾತು 10 ಅಡಿಗೆ ಬಂದು ನಿಂತಿದೆ.